ಮನೆಗಂದಾಯವೂ ಮನೆಯ ಗುಟ್ಟೂ

ಆಸ್ತಿ ತೆರಿಗೆಯ ಕಚೇರಿಗೆ ಮನೆಯ ಉದ್ದಗಲ ತಿಳಿದರೆ ಸಾಕಾಗಿದ್ದ ಕಾಲವೊಂದಿತ್ತು. ಪಂಚಾಯಿತಿಯ ಕರವಸೂಲಿಗಾರನು ಅಂಗಳದಲ್ಲಿ ನಿಂತು ಅಂಕಣಗಳನ್ನು ಎಣಿಸಿ, ಮೇಲೆ ಮಾಳಿಗೆಯೋ ಪತ್ರಾಸೋ ಎಂದು ನೋಡಿ, ವಹಿಯಲ್ಲಿ ಬರೆದುಕೊಂಡು, ರಸೀದಿ ಹರಿದು ಕೊಟ್ಟು ಮುಂದಿನ ಮನೆಗೆ ಹೋಗುತ್ತಿದ್ದನು. ಬಸವಕಲ್ಯಾಣ ತಾಲೂಕಿನ ಮುಡಬಿಯಂಥ ಹೋಬಳಿ ಗ್ರಾಮದಲ್ಲಿಯೂ ಈಗ ಆ ವಹಿ ಗಣಕಯಂತ್ರವನ್ನು ಸೇರಿದೆ. 2013ರಿಂದ ಗ್ರಾಮ ಪಂಚಾಯಿತಿಯ ಆಸ್ತಿಗಳಿಗೆ ‘ಇ-ಸ್ವತ್ತು’ ತಂತ್ರಾಂಶದ ಮೂಲಕ ನಮೂನೆ 9 ಮತ್ತು ನಮೂನೆ 11ನ್ನು ಕೊಡುವ ಪದ್ಧತಿ ಬಂದಿತು. ಬಸವಕಲ್ಯಾಣ, ಹುಮನಾಬಾದಗಳಂಥ ಪಟ್ಟಣಗಳಲ್ಲಿ ಅದೇ ಕೆಲಸವನ್ನು ‘ಇ-ಆಸ್ತಿ’ ಮಾಡುತ್ತದೆ. 2025ರಲ್ಲಿ ಪಂಚಾಯತ್ ರಾಜ್ ಕಾಯ್ದೆಗೆ ತಂದ ತಿದ್ದುಪಡಿಯ ತರುವಾಯ, ಅನುಮೋದನೆಯಿಲ್ಲದ ಬಡಾವಣೆಯ ಮನೆಗಳನ್ನೂ ತೆರಿಗೆಯ ಲೆಕ್ಕಕ್ಕೆ ತರುವ ಕಾರ್ಯ ಆರಂಭವಾಗಿದೆ. ಬೆಂಗಳೂರಿನಲ್ಲಿ 2024ರ ಅಕ್ಟೋಬರಿನಿಂದ ನೋಂದಣಿಗೆ ಇ-ಖಾತೆ ಕಡ್ಡಾಯವಾದಾಗ ಮಾಲಿಕನು ಒಪ್ಪಿಸಬೇಕಾಗಿ ಬಂದ ವಿವರಗಳನ್ನು ನೋಡಿದರೆ ದಾರಿ ಯಾವ ಕಡೆಗೆ ಸಾಗಿದೆಯೆಂಬುದು ತಿಳಿಯುತ್ತದೆ: ಆಧಾರ್, ಕ್ರಯಪತ್ರದ ಸಂಖ್ಯೆ, ತೆರಿಗೆಯ ಅರ್ಜಿ ಸಂಖ್ಯೆ, ವಿದ್ಯುತ್ ಸಂಪರ್ಕದ ಸಂಖ್ಯೆ, ಕಟ್ಟಡದ ಛಾಯಾಚಿತ್ರ.

ಇವುಗಳಲ್ಲಿ ಒಂದೊಂದಕ್ಕೂ ಕಾರಣ ಹೇಳಬಹುದು. ಒಬ್ಬನ ನಿವೇಶನವನ್ನು ಇನ್ನೊಬ್ಬನು ಮಾರಿಬಿಡುವ ಮೋಸ ನಮ್ಮ ನಾಡಿನಲ್ಲಿ ವಿರಳವಲ್ಲ. ಗುರುತನ್ನು ಖಚಿತಪಡಿಸಿಕೊಂಡರೆ ಅದು ತಗ್ಗೀತು. ವಿಚಾರಿಸಬೇಕಾದುದು ಮುಂದಿನ ಹೆಜ್ಜೆಯನ್ನು. ಗುರುತಿಗಾಗಿ ಪಡೆದ ವಿವರವು ಗುರುತಿನ ಕೆಲಸ ಮುಗಿದ ಮೇಲೆ ಎಲ್ಲಿಗೆ ಹೋಗುತ್ತದೆ? ವಿದ್ಯುತ್ತಿಗಾಗಿ ಕೊಟ್ಟ ಮಾಹಿತಿಯನ್ನು ತೆರಿಗೆಯವನು ಓದಬಹುದೇ? ಓದಬಹುದಾದರೆ ಯಾರ ಅಪ್ಪಣೆಯಿಂದ, ಎಷ್ಟರಮಟ್ಟಿಗೆ?

ಈ ಪ್ರಶ್ನೆ ಕೇವಲ ಊಹೆಯದಲ್ಲ. 2023ರ ಜೂನ್ ತಿಂಗಳಲ್ಲಿ ರಾಜ್ಯ ಸರಕಾರವು ‘ಗೃಹಜ್ಯೋತಿ’ ಯೋಜನೆಗೆ ಅರ್ಜಿ ಕರೆಯಿತು. ತಿಂಗಳಿಗೆ 200 ಯೂನಿಟ್‌ವರೆಗಿನ ಗೃಹಬಳಕೆಗೆ ಬಿಲ್ಲಿಲ್ಲ. ಆದರೆ ಮೀಟರಿನ ಸಂಖ್ಯೆಗೆ ಆಧಾರ್ ಜೋಡಿಸಬೇಕು, ಬಾಡಿಗೆದಾರನಾದರೆ ಆ ಮನೆಯಲ್ಲಿ ಬಾಡಿಗೆಗಿರುವುದಕ್ಕೆ ದಾಖಲೆ ಕೊಡಬೇಕು. ಆ ಕಾಲದಲ್ಲಿ ಬೆಂಗಳೂರಿನ ತೆರಿಗೆ ಪದ್ಧತಿಯಲ್ಲಿ ಸ್ವಂತ ವಾಸದ ಮನೆಗೆ ಒಂದು ದರ, ಬಾಡಿಗೆಗೆ ಕೊಟ್ಟ ಮನೆಗೆ ಅದಕ್ಕಿಂತ ಹೆಚ್ಚಿನ ದರ. ಕೂಡಲೇ ಮನೆಮಾಲಿಕರಲ್ಲಿ ಆತಂಕವೆದ್ದಿತು: ಬಾಡಿಗೆ ಕರಾರುಪತ್ರ ಇಂದು ವಿದ್ಯುತ್ ಕಚೇರಿಗೆ ಹೋದರೆ ನಾಳೆ ಪಾಲಿಕೆಯ ಮೇಜಿನ ಮೇಲೆ ಬರುವುದಿಲ್ಲವೇ? ಕರಾರುಪತ್ರ ಕೊಡಲು ಹಿಂಜರಿದ ಮಾಲಿಕರ ವರ್ತಮಾನ ಪತ್ರಿಕೆಗಳಲ್ಲಿ ಬಂದಿತು. ಅಂಥ ಮನೆಯಲ್ಲಿದ್ದ ಬಾಡಿಗೆದಾರನು, ತನ್ನ ತಪ್ಪೇನೂ ಇಲ್ಲದೆ, ತನಗೆ ಸಲ್ಲಬೇಕಾದ ಸವಲತ್ತಿಗಾಗಿ ಅಲೆದಾಡಬೇಕಾಯಿತು.

ಈ ಪ್ರಸಂಗದಲ್ಲಿ ಯಾರ ಪಕ್ಷ ವಹಿಸಬೇಕು? ಬಾಡಿಗೆಗೆ ಕೊಟ್ಟ ಮನೆಯನ್ನು ಸ್ವಂತ ವಾಸದ್ದೆಂದು ಬರೆದುಕೊಟ್ಟ ಮಾಲಿಕನು ಸುಳ್ಳು ಹೇಳಿದ್ದಾನೆ. ಅವನ ಅಂಜಿಕೆಗೆ ‘ಗೋಪ್ಯತೆ’ ಎಂಬ ಗೌರವದ ಹೆಸರನ್ನು ಕೊಡಲಾಗದು. ಆದರೆ ಸರಿಯಾಗಿ ತೆರಿಗೆ ಕಟ್ಟಿದ ಮಾಲಿಕನೂ ಹಿಂಜರಿದಿದ್ದರೆ ಅವನನ್ನು ದೂಷಿಸುವುದು ಕಷ್ಟ. ಒಂದು ಬಾಗಿಲಲ್ಲಿ ಕೊಟ್ಟ ಕಾಗದ ಯಾವ ಯಾವ ಬಾಗಿಲಿಗೆ ಹೋಗುವುದೆಂದು ಅವನಿಗೆ ಹೇಳಿದವರಾರೂ ಇರಲಿಲ್ಲ.

ಶ್ರಾವಕನಿಗೆ ಈ ಎರಡೂ ಮುಖಗಳು ಹೊಸವಲ್ಲ. ಉಮಾಸ್ವಾಮಿಯ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಗೃಹಸ್ಥನ ವ್ರತಗಳಿಗೆ ಅತಿಚಾರಗಳನ್ನು ಹೇಳುವಾಗ ಆಚಾರ್ಯರು ಅಚೌರ್ಯವ್ರತದ ಅತಿಚಾರಗಳಲ್ಲಿ ‘ವಿರುದ್ಧರಾಜ್ಯಾತಿಕ್ರಮ’ವನ್ನು ಎಣಿಸಿದ್ದಾರೆ. ಈ ಪದದ ಅರ್ಥದಲ್ಲಿ ಟೀಕಾಕಾರರ ನಡುವೆ ಭೇದವುಂಟು; ರಾಜ್ಯದಲ್ಲಿ ಕ್ಷೋಭೆಯಿರುವಾಗ ಬೆಲೆಬಾಳುವ ಸರಕನ್ನು ಅನ್ಯಾಯದಿಂದ ಅಗ್ಗಕ್ಕೆ ಕೊಳ್ಳುವುದೆಂಬುದು ಹಳೆಯ ವಿವರಣೆ. ಇಂದಿನ ಪ್ರವಚನಕಾರರು ಇದನ್ನು ರಾಜ್ಯದ ಕಟ್ಟಳೆ ಮೀರಿ ತೆರಿಗೆ ತಪ್ಪಿಸುವುದಕ್ಕೆ ಅನ್ವಯಿಸುತ್ತಾರೆ; ಆ ಅನ್ವಯ ಯೋಗ್ಯವಾಗಿಯೇ ಇದೆ. ಸತ್ಯವ್ರತದ ಅತಿಚಾರಗಳಲ್ಲಿ ಬರುವ ‘ಕೂಟಲೇಖಕ್ರಿಯೆ’ಗೆ ಟೀಕೆಯ ನೆರವೂ ಬೇಡ, ಸುಳ್ಳು ಪತ್ರ ಮಾಡುವುದು ಎಂಬ ಅರ್ಥ ವ್ಯಾಪಾರಿಯ ಮನೆಯ ಮಕ್ಕಳಿಗೂ ಹೊಳೆಯುತ್ತದೆ. ಗೋದಾಮನ್ನು ವಾಸದ ಮನೆಯೆಂದು ಬರೆಯಿಸಿದವರು, ಮೂರು ಅಂತಸ್ತಿನಲ್ಲಿ ಒಂದನ್ನು ಮರೆತವರು, ಕ್ರಯಪತ್ರದಲ್ಲಿ ಅರ್ಧ ಬೆಲೆ ಬರೆಯಿಸಿ ಉಳಿದರ್ಧವನ್ನು ಚೀಲದಲ್ಲಿ ಕೊಟ್ಟವರು ನಮ್ಮ ಸಮಾಜದಲ್ಲಿ ಇಲ್ಲವೆಂದು ಹೇಳುವ ಧೈರ್ಯ ಯಾರಿಗಿದೆ? ಪರ್ಯುಷಣದಲ್ಲಿ ಉಪವಾಸ, ಪಂಚಾಯಿತಿಯಲ್ಲಿ ಬಾಕಿ — ಇದು ಅಪರೂಪದ ಜೋಡಿಯಲ್ಲ.

ಆದರೆ ಅದೇ ಸತ್ಯವ್ರತದ ಅತಿಚಾರಗಳಲ್ಲಿ ಇನ್ನೆರಡು ಹೆಸರುಗಳಿವೆ. ಅವುಗಳ ಮೇಲೆ ಪ್ರವಚನಗಳಲ್ಲಿ ಹೆಚ್ಚು ಹೊತ್ತು ನಿಲ್ಲುವವರು ಕಡಿಮೆ. ಒಂದು ‘ರಹೋಭ್ಯಾಖ್ಯಾನ’ — ಏಕಾಂತದಲ್ಲಿ ನಡೆದುದನ್ನು ಬಯಲು ಮಾಡುವುದು. ಇನ್ನೊಂದು ‘ಸಾಕಾರಮಂತ್ರಭೇದ’. ಇದನ್ನು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿರುವ ರೀತಿ ಇಂದಿನ ಓದುಗನನ್ನು ಬೆರಗುಗೊಳಿಸುತ್ತದೆ: ಸಂದರ್ಭದಿಂದ, ಅಂಗಾಂಗಗಳ ಚಲನೆಯಿಂದ, ಹುಬ್ಬಿನ ಕೊಂಕಿನಿಂದ ಮತ್ತೊಬ್ಬನ ಅಭಿಪ್ರಾಯವನ್ನು ಊಹಿಸಿಕೊಂಡು ಅಸೂಯೆ ಮೊದಲಾದ ಕಾರಣಗಳಿಂದ ಅದನ್ನು ಪ್ರಕಟಿಸುವುದು ಎಂಬುದು ಅವರ ತಾತ್ಪರ್ಯ. ಮಾತಿನಲ್ಲಿ ಹೇಳದೆ ಇದ್ದುದನ್ನು ಹೊರಗಿನ ಗುರುತುಗಳಿಂದ ಕಟ್ಟಿ ತೆಗೆಯುವುದೇ ಇಲ್ಲಿಯ ಮುಖ್ಯಾಂಶ. ಮೀಟರು ಎಷ್ಟು ತಿರುಗಿತು, ಎಷ್ಟು ಗಂಟೆಗೆ ತಿರುಗಿತು, ಆ ಮನೆಯ ವಿಳಾಸದಲ್ಲಿ ಎಷ್ಟು ಮೊಬೈಲುಗಳಿವೆ ಎಂಬವು ಮನೆಯ ಹುಬ್ಬಿನ ಚಲನೆಯಂತೆಯೇ ಇವೆ. ಅವುಗಳನ್ನು ಕೂಡಿಸಿದರೆ ಗೃಹಿಣಿ ತವರಿಗೆ ಹೋದ ತಿಂಗಳೂ ಗೊತ್ತಾದೀತು.

ಆಚಾರ್ಯರು ಇದನ್ನು ಸುಳ್ಳು ಹೇಳುವುದರ ಪಕ್ಕದಲ್ಲಿಯೇ ಇಟ್ಟಿರುವುದು ಗಮನಾರ್ಹ. ಬಯಲಾದ ಸಂಗತಿ ನಿಜವಾಗಿದ್ದರೂ ಬಯಲು ಮಾಡುವುದು ಸತ್ಯವ್ರತಕ್ಕೆ ಕೊರತೆಯೆಂದು ಅವರ ನಿಲುವು. ‘ಸತ್ಯವನ್ನೇ ತಾನೇ ಹೇಳಿದ್ದು’ ಎಂಬ ಸಮರ್ಥನೆಗೆ ಅಲ್ಲಿ ಎಡೆಯಿಲ್ಲ. ವ್ರತಗಳು ಗೃಹಸ್ಥನಿಗೆ ಹೇಳಿದವು, ಸರಕಾರಕ್ಕಲ್ಲ ಎಂಬ ಆಕ್ಷೇಪ ನ್ಯಾಯವಾದುದೇ. ಆದರೆ ಸರಕಾರಿ ಮೇಜಿನ ಹಿಂದೆ ಕುಳಿತವನೂ ಗೃಹಸ್ಥನೇ. ಕಾನೂನು ಮಾಡುವ ಶಾಸಕನೂ ಗೃಹಸ್ಥನೇ.

ಇನ್ನು ಲೌಕಿಕ ನ್ಯಾಯಾಲಯಗಳು ಏನು ಹೇಳಿವೆ? ಇದಕ್ಕೆ ಅತ್ಯಂತ ಸಮೀಪದ ವ್ಯಾಜ್ಯವು ಹೈದರಾಬಾದಿನಿಂದ — 1956ರವರೆಗೆ ಬೀದರ ಜಿಲ್ಲೆ ಸೇರಿದ್ದ ರಾಜ್ಯದ ರಾಜಧಾನಿಯಿಂದ — ಹೊರಟಿತು. ಆಸ್ತಿಯ ಪತ್ರಗಳ ಮೇಲಿನ ಮುದ್ರಾಂಕ ಶುಲ್ಕವನ್ನು ತಪ್ಪಿಸುವವರನ್ನು ಹಿಡಿಯಲು ಆಂಧ್ರಪ್ರದೇಶ ಸರಕಾರವು 1899ರ ಮುದ್ರಾಂಕ ಕಾಯ್ದೆಯ 73ನೆಯ ಕಲಮಿಗೆ 1986ರಲ್ಲಿ ತಿದ್ದುಪಡಿ ತಂದಿತು. ಅದರ ಪ್ರಕಾರ ಜಿಲ್ಲಾಧಿಕಾರಿಯು ಲಿಖಿತವಾಗಿ ಅಧಿಕಾರ ಕೊಟ್ಟ ಯಾವನೇ ವ್ಯಕ್ತಿಯು ದಾಖಲೆಗಳಿರುವ ಯಾವುದೇ ಸ್ಥಳವನ್ನು ಹೊಕ್ಕು, ಕಾಗದಪತ್ರಗಳನ್ನು ತೆರೆದು ನೋಡಿ, ಟಿಪ್ಪಣಿ ಮಾಡಿಕೊಂಡು, ಬೇಕಾದರೆ ವಶಪಡಿಸಿಕೊಳ್ಳಬಹುದಾಗಿತ್ತು. ಬ್ಯಾಂಕಿನ ಕಪಾಟೂ ಇದಕ್ಕೆ ಹೊರತಲ್ಲ. ಸಾಲಕ್ಕಾಗಿ ಗಿರಾಕಿಯು ಒತ್ತೆಯಿಟ್ಟ ಹಕ್ಕುಪತ್ರಗಳನ್ನು ಹೀಗೆ ತಪಾಸಿಸಲು ಅಧಿಕಾರಿಗಳು ಹೋದಾಗ ಕೆನರಾ ಬ್ಯಾಂಕು ನ್ಯಾಯಾಲಯದ ಮೆಟ್ಟಿಲು ಹತ್ತಿತು.

ಉಚ್ಚ ನ್ಯಾಯಾಲಯವು ಆ ತಿದ್ದುಪಡಿಯನ್ನು ರದ್ದುಗೊಳಿಸಿತು. ಸರ್ವೋಚ್ಚ ನ್ಯಾಯಾಲಯವು 2004ರ ನವೆಂಬರಿನಲ್ಲಿ ಅದನ್ನೇ ಎತ್ತಿ ಹಿಡಿಯಿತು. ಮುಖ್ಯ ನ್ಯಾಯಮೂರ್ತಿ ಆರ್.ಸಿ. ಲಾಹೋಟಿಯವರ ಆ ತೀರ್ಪಿನ ಸಾರವನ್ನು ವ್ಯಾಪಾರಿಯ ಭಾಷೆಯಲ್ಲಿ ಹೇಳುವುದಾದರೆ ಹೀಗೆ: ಗಿರಾಕಿಯು ತನ್ನ ಕಾಗದವನ್ನು ಬ್ಯಾಂಕಿಗೆ ಒಪ್ಪಿಸಿದ ಮಾತ್ರಕ್ಕೆ ಅದರ ಮೇಲಿನ ಗೋಪ್ಯತೆಯನ್ನು ಕಳೆದುಕೊಳ್ಳುವುದಿಲ್ಲ. ಗೋಪ್ಯತೆಯ ಹಕ್ಕು ಮನುಷ್ಯನಿಗೆ ಅಂಟಿಕೊಂಡದ್ದು, ಸ್ಥಳಕ್ಕಲ್ಲ. ಅಮೇರಿಕದ ಸರ್ವೋಚ್ಚ ನ್ಯಾಯಾಲಯವು 1976ರ ಮಿಲ್ಲರ್ ಮೊಕದ್ದಮೆಯಲ್ಲಿ ಇದಕ್ಕೆ ವ್ಯತಿರಿಕ್ತವಾಗಿ, ಬ್ಯಾಂಕಿಗೆ ಕೊಟ್ಟದ್ದರ ಮೇಲೆ ಗಿರಾಕಿಗೆ ಅಂಥ ಹಕ್ಕಿಲ್ಲವೆಂದು ಹೇಳಿತ್ತು. ನಮ್ಮ ನ್ಯಾಯಾಲಯ ಅದನ್ನು ಪರಿಶೀಲಿಸಿಯೂ ಆ ಹಾದಿ ಹಿಡಿಯಲಿಲ್ಲ. ಶುಲ್ಕ ತಪ್ಪಿದೆಯೆಂದು ನಂಬಲು ಕಾರಣವಿರಬೇಕು, ಅಧಿಕಾರ ಪಡೆದವನು ಯಾರೆಂಬುದಕ್ಕೆ ಮಿತಿಯಿರಬೇಕು, ಅಧಿಕಾರವನ್ನು ಬಳಸುವುದಕ್ಕೆ ಮಾರ್ಗಸೂಚಿ ಇರಬೇಕು — ಇವಾವುವೂ ಆ ತಿದ್ದುಪಡಿಯಲ್ಲಿ ಇರಲಿಲ್ಲ. ಶುಲ್ಕ ವಸೂಲು ಮಾಡುವ ಹಕ್ಕು ಸರಕಾರಕ್ಕಿಲ್ಲವೆಂದು ನ್ಯಾಯಾಲಯವೇನೂ ಹೇಳಲಿಲ್ಲ. ವಸೂಲಿಯ ನೆಪದಲ್ಲಿ ಎಲ್ಲರ ಕಪಾಟನ್ನೂ ತೆರೆಯಬಾರದೆಂದು ಹೇಳಿತು. ಒಬ್ಬ ವ್ಯಾಪಾರಿಯ ದೃಷ್ಟಿಯಲ್ಲಿ ಈ ತೀರ್ಪು, ಹೆಚ್ಚು ಹೆಸರಾದ ಇನ್ನೊಂದಕ್ಕಿಂತ ದಿನಬಳಕೆಗೆ ಹತ್ತಿರವಾದುದು.

ಆ ಇನ್ನೊಂದು, 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಗೋಪ್ಯತೆಯು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿದ ತೀರ್ಪು. ಅದಕ್ಕೆ ಕಾರಣವಾದ ಅರ್ಜಿಯನ್ನು 2012ರಲ್ಲಿ ಸಲ್ಲಿಸಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಎಂಬತ್ತು ದಾಟಿದ ವಯಸ್ಸಿನಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ದಿಲ್ಲಿಗೆ ಹೋದ ಅವರು 2024ರಲ್ಲಿ ಬೆಂಗಳೂರಿನಲ್ಲಿ ನಿಧನರಾದರು. ಸರಕಾರವು ಗೋಪ್ಯತೆಯೊಳಗೆ ಕೈಯಿಡಬೇಕಾದರೆ ಅದಕ್ಕೊಂದು ಕಾನೂನು ಇರಬೇಕು, ಉದ್ದೇಶ ನ್ಯಾಯಸಮ್ಮತವಾಗಿರಬೇಕು, ಕೈಯಿಡುವ ಪ್ರಮಾಣವು ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು ಎಂಬ ಅಳತೆಗೋಲು ಆ ತೀರ್ಪಿನಿಂದ ಬಂದಿತು. ಆಸ್ತಿ ತೆರಿಗೆಯ ವಿಷಯದಲ್ಲಿ ಮೊದಲೆರಡು ಸುಲಭವಾಗಿ ಸಿಕ್ಕಾವು. ಮೂರನೆಯದರಲ್ಲಿಯೇ ತಕ್ಕಡಿ ವಾಲುವುದು.

ಇಲ್ಲಿ ಒಂದು ಬಲವಾದ ಪ್ರತಿವಾದವಿದೆ. ಆಸ್ತಿಯ ಒಡೆತನವು ಎಂದೂ ಗುಟ್ಟಾಗಿರಲಿಲ್ಲ; ಕೊಳ್ಳುವವನಿಗೂ ಸಾಲ ಕೊಡುವವನಿಗೂ ಅದು ತಿಳಿಯಲೇಬೇಕು. 1908ರ ನೋಂದಣಿ ಕಾಯ್ದೆಯ 57ನೆಯ ಕಲಮು ಶುಲ್ಕ ಕೊಟ್ಟ ಯಾರಿಗಾದರೂ ಸ್ಥಿರಾಸ್ತಿಯ ಒಂದನೆಯ ಪುಸ್ತಕವನ್ನು ನೋಡಲು ಬಿಡುತ್ತದೆ. ಹಾಗಿರುವಾಗ ಅದೇ ವಿವರ ಗಣಕದಲ್ಲಿ ಕಂಡರೆ ಕೇಡೇನು ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಅದೇ ಕಲಮನ್ನು ಕೊನೆಯವರೆಗೆ ಓದಬೇಕು. ಮೃತ್ಯುಪತ್ರಗಳ ಮೂರನೆಯ ಪುಸ್ತಕವೂ ಇತರ ಪತ್ರಗಳ ನಾಲ್ಕನೆಯ ಪುಸ್ತಕವೂ ಹಾಗೆ ಎಲ್ಲರಿಗೂ ತೆರೆದಿಲ್ಲ. ಬರೆದುಕೊಟ್ಟವರು ಬದುಕಿರುವಾಗ ಮೃತ್ಯುಪತ್ರದ ನಕಲು ಅವರಿಗೋ ಅವರ ಮುಖ್ತಿಯಾರರಿಗೋ ಮಾತ್ರ. ಗಣಕವಿಲ್ಲದ ಕಾಲದ ಶಾಸಕರಿಗೂ ಯಾವುದು ಬೀದಿಯ ಸಂಗತಿ, ಯಾವುದು ನಡುಮನೆಯ ಸಂಗತಿ ಎಂಬ ವಿವೇಕವಿತ್ತು.

ಅಲ್ಲದೆ, ಬಸವಕಲ್ಯಾಣದ ಉಪನೋಂದಣಾಧಿಕಾರಿಯ ಕಚೇರಿಗೆ ಹೋಗಿ, ಅರ್ಜಿ ಬರೆದು, ಶುಲ್ಕ ಕಟ್ಟಿ, ಒಂದು ಪತ್ರವನ್ನು ನೋಡುವುದಕ್ಕೂ, ಎಲ್ಲಿಯೋ ಕುಳಿತವನು ಮುಡಬಿಯ ಮನೆಗಳನ್ನೆಲ್ಲ ಮಾಲಿಕರ ಹೆಸರಿನೊಡನೆ ಒಂದು ಮಧ್ಯಾಹ್ನದಲ್ಲಿ ಓದುವುದಕ್ಕೂ ಅಂತರವಿದೆ. ಹಿಂದಿನ ಪದ್ಧತಿಯಲ್ಲಿ ಶ್ರಮವೇ ಒಂದು ಬೇಲಿಯಾಗಿತ್ತು. ಕೇಳಿದವನ ಮುಖ ಗುಮಾಸ್ತನಿಗೆ ನೆನಪಿರುತ್ತಿತ್ತು. ಬೇಲಿ ಬಿದ್ದ ಮೇಲೆ ಏನಾಯಿತೆಂಬುದಕ್ಕೆ 2023ರ ಉದಾಹರಣೆ ಇದೆ. ನೋಂದಣಿ ಇಲಾಖೆಯ ‘ಕಾವೇರಿ’ ಜಾಲತಾಣದಿಂದ ಕ್ರಯಪತ್ರಗಳ ನಕಲನ್ನು ಪಡೆದ ವಂಚಕರು, ಅದರ ಮೇಲಿದ್ದ ಹೆಬ್ಬೆರಳಿನ ಗುರುತಿನಿಂದ ಕೃತಕ ಬೆರಳಚ್ಚು ತಯಾರಿಸಿ, ಅಲ್ಲೇ ಇದ್ದ ಆಧಾರ್ ಸಂಖ್ಯೆಯ ನೆರವಿನಿಂದ ಜನರ ಬ್ಯಾಂಕ್ ಖಾತೆಗಳಿಂದ ಹಣ ತೆಗೆದರು. ಬೆಂಗಳೂರಿನ ಪೊಲೀಸರಿಗೆ ದೂರುಗಳು ಬಂದು, ಬಂಧನಗಳೂ ಆದವು. ಅದಾದ ಮೇಲೆಯೇ ಪತ್ರಗಳ ಮೇಲಿನ ಬೆರಳಚ್ಚನ್ನು ಮರೆಮಾಚುವ ಕ್ರಮ ಬಂದಿತು. ಇದಕ್ಕೂ ಮೊದಲು, 2018ರಲ್ಲಿ, ನೆರೆಯ ತೆಲಂಗಾಣದಲ್ಲಿ ಭೂಪತ್ರಗಳ ಬೆರಳಚ್ಚಿನಿಂದ ಸಿಮ್ ಕಾರ್ಡುಗಳನ್ನು ಚಾಲೂ ಮಾಡಿದ ಪ್ರಕರಣ ಬೆಳಕಿಗೆ ಬಂದಿತ್ತು. ಐದು ವರ್ಷಗಳ ಅವಕಾಶವಿದ್ದಿತು.

ಹಣ ಕಳೆದುಕೊಂಡವರು ಮಾಡಿದ ತಪ್ಪೇನು? ತಮ್ಮ ಆಸ್ತಿಯನ್ನು ಕಾನೂನಿನ ಪ್ರಕಾರ ನೋಂದಾಯಿಸಿ ಶುಲ್ಕ ಕಟ್ಟಿದ್ದು. ಬಾಂಡ್ ಕಾಗದದ ಮೇಲೆ ಬರೆದುಕೊಂಡು ಮನೆಯಲ್ಲಿಟ್ಟುಕೊಂಡವನ ಬೆರಳು ಸುರಕ್ಷಿತವಾಗಿಯೇ ಇತ್ತು. ಪ್ರಾಮಾಣಿಕನಿಗೆ ದಂಡವಾಗುವಂಥ ವ್ಯವಸ್ಥೆ ಎಲ್ಲಿಯವರೆಗೆ ಇರುವುದೋ ಅಲ್ಲಿಯವರೆಗೆ ತೆರಿಗೆ ಇಲಾಖೆಯ ಉಪದೇಶ ಜನರ ಕಿವಿಗೆ ಬೀಳುವುದು ಕಷ್ಟ.

ಇನ್ನೊಂದು ಅಪಾಯ ದಾಖಲೆಯನ್ನು ತಪ್ಪಾಗಿ ಓದುವುದರಲ್ಲಿದೆ. ಆಸ್ತಿ ತೆರಿಗೆಗೆ ನೇರವಾಗಿ ಸೇರದಿದ್ದರೂ 2025ರ ಜುಲೈ ತಿಂಗಳ ಘಟನೆಯನ್ನು ನಮ್ಮ ವ್ಯಾಪಾರಿ ಓದುಗರು ಮರೆತಿರಲಾರರು. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಮೂಲಕ ಬಂದ ಹಣದ ಲೆಕ್ಕವನ್ನು ಪಡೆದು, 2021-22ರಿಂದ 2024-25ರವರೆಗಿನ ವರ್ಷಗಳಿಗೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕೊಟ್ಟಿತು. ಸರಕಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ರೂಪಾಯಿ ಮೀರಿದರೆ ಜಿಎಸ್‌ಟಿ ನೋಂದಣಿ ಬೇಕೆಂಬ ನಿಯಮ ಎಲ್ಲರಿಗೂ ಗೊತ್ತು. ಹಾವೇರಿಯಲ್ಲಿ ತಾಜಾ ತರಕಾರಿ ಮಾರುವ ಒಬ್ಬನಿಗೆ ಸುಮಾರು 29 ಲಕ್ಷ ರೂಪಾಯಿಯ ನೋಟೀಸು ಬಂದಿತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ! ಮಗಳ ಮದುವೆಗೆ ಬಂಧುಗಳು ಕಳುಹಿಸಿದ ಹಣ, ಕೈಗಡ ತೀರಿಸಿದ ಹಣ, ವ್ಯಾಪಾರದ ಹಣ — ಯಂತ್ರಕ್ಕೆ ಮೂರೂ ಒಂದೇ. ವ್ಯಾಪಾರಿಗಳು ಪ್ರತಿಭಟನೆಗಿಳಿದರು, ಅಂಗಡಿಗಳಲ್ಲಿ ಯುಪಿಐ ಫಲಕಗಳು ಮಾಯವಾದವು. ಕೊನೆಗೆ ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲವೆಂದು ಮುಖ್ಯಮಂತ್ರಿಗಳೇ ಹೇಳಬೇಕಾಯಿತು. ಇದರಿಂದ ನಿಜವಾದ ತೆರಿಗೆಗಳ್ಳನಿಗೂ ಅನುಕೂಲವಾಯಿತೆಂಬುದು ಈ ಕಥೆಯ ವ್ಯಂಗ್ಯ.

ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಇದ್ದ ಕಾಲದಲ್ಲಿ ವಿದ್ಯುತ್ ಸಂಪರ್ಕದ ವಿವರಗಳನ್ನು ತೆರಿಗೆಯ ಪಟ್ಟಿಯೊಡನೆ ಹೋಲಿಸಿ, ಪಟ್ಟಿಯಿಂದ ಹೊರಗುಳಿದ ಕಟ್ಟಡಗಳನ್ನು ಹುಡುಕುವ ಮಾತು ಪದೇ ಪದೇ ಬಂದಿತ್ತು. ಹೋಲಿಕೆ ತಪ್ಪೆಂದು ಸಾರಾಸಗಟಾಗಿ ಹೇಳಲಾಗದು. ಒಂದು ವಿಳಾಸದಲ್ಲಿ ಮೀಟರು ಇದೆ, ತೆರಿಗೆಯ ಖಾತೆ ಇಲ್ಲ ಎಂಬಷ್ಟನ್ನು ತಿಳಿದು ನೌಕರನನ್ನು ಅಲ್ಲಿಗೆ ಕಳುಹಿಸಿದರೆ ಅದು ಹಳೆಯ ಕರವಸೂಲಿಗಾರನ ಕೆಲಸವೇ. ಮೀಟರಿನ ದರ ವಾಣಿಜ್ಯದ್ದು, ಆದ್ದರಿಂದ ಇಡೀ ಕಟ್ಟಡ ವಾಣಿಜ್ಯದ್ದೆಂದು ಕಚೇರಿಯಲ್ಲಿಯೇ ಕುಳಿತು ದಂಡ ಹಾಕುವುದಾದರೆ ಅದು ಬೇರೆ. ಬೀದರ ಸೀಮೆಯ ಎಷ್ಟೋ ಮನೆಗಳಲ್ಲಿ ಮುಂದಿನ ಪಡಸಾಲೆಯೇ ಕಿರಾಣಿ ಅಂಗಡಿ, ಹಿಂದೆ ಸಂಸಾರ. ಕಣ್ಣಾರೆ ನೋಡಿದವನಿಗೆ ಎಷ್ಟು ಅಂಕಣ ಅಂಗಡಿ, ಎಷ್ಟು ಮನೆ ಎಂದು ತಿಳಿಯುತ್ತದೆ. ಗಣಕದ ಒಂದು ಸಾಲಿಗೆ ತಿಳಿಯದು.

ಹಳೆಯ ಕಾಲವನ್ನು ಹೊಗಳಲು ಇಷ್ಟನ್ನು ಹೇಳಿದ್ದಲ್ಲ. ನಿಜಾಮರ ಆಳ್ವಿಕೆಯಲ್ಲಿ ಈ ಸೀಮೆಯ ಹಳ್ಳಿಗಳಲ್ಲಿ ಪಟವಾರಿಯ ದಫ್ತರವೆಂದರೆ ಏನೆಂಬುದನ್ನು ಹಿರಿಯರು ಬಲ್ಲರು. ಯಾರ ಹೊಲದ ಮೇಲೆ ಯಾರ ಸಾಲ, ಯಾವ ವಿಧವೆಯ ಹೆಸರು ಪಹಣಿಯಲ್ಲಿ ಏರಿಲ್ಲ ಎಂಬುದು ಅವನೊಬ್ಬನಿಗೆ ತಿಳಿದಿರುತ್ತಿತ್ತು. ಆ ತಿಳಿವಳಿಕೆಯೇ ಅವನ ಅಧಿಕಾರವಾಗಿತ್ತು. ದಾಖಲೆಗಳು ತೆರೆದುಕೊಂಡುದರಿಂದ ಬಡವನಿಗೆ ಉಪಕಾರವಾಗಿರುವುದು ಸತ್ಯ. ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆಯಿಂದ ಪಹಣಿಗಳು ಗಣಕಕ್ಕೆ ಬಂದಾಗ ರೈತನು ಒಬ್ಬನೇ ನೌಕರನ ಕೃಪೆಗಾಗಿ ಕಾಯುವುದು ತಪ್ಪಿತು. ಈಗಿನ ಸಮಸ್ಯೆ ಬೇರೊಂದು ಬಗೆಯದು. ಪಟವಾರಿಗೆ ತಿಳಿದಿದ್ದು ಒಂದು ಹಳ್ಳಿ. ಅವನು ಯಾರೆಂದು ಹಳ್ಳಿಗೂ ತಿಳಿದಿತ್ತು. ಗಣಕದಲ್ಲಿ ತಮ್ಮ ಮನೆಯ ಪುಟವನ್ನು ಯಾರು, ಯಾವಾಗ, ಏಕೆ ತೆರೆದರೆಂಬುದು ಮನೆಯವರಿಗೆ ತಿಳಿಯುವ ದಾರಿಯೇ ಇಲ್ಲ.

ಹತ್ತನೆಯ ಶತಮಾನದ ಸೋಮದೇವಸೂರಿಗಳು ರಾಜನೀತಿಯನ್ನು ಕುರಿತು ‘ನೀತಿವಾಕ್ಯಾಮೃತ’ವನ್ನು ರಚಿಸಿದರು. ಮುನಿಯೊಬ್ಬರು ಬೊಕ್ಕಸದ ಬಗ್ಗೆ ಬರೆಯಲು ಸಂಕೋಚಪಡಲಿಲ್ಲ. ಮೂವತ್ತೆರಡು ಸಮುದ್ದೇಶಗಳ ಆ ಗ್ರಂಥದಲ್ಲಿ ಕೋಶಕ್ಕೆ ಒಂದು ಸಮುದ್ದೇಶ, ಚಾರರಿಗೆ, ಎಂದರೆ ಗೂಢಚಾರರಿಗೆ, ಮತ್ತೊಂದು. ರಾಜನಿಗೆ ಎರಡೂ ಬೇಕು. ಆದರೆ ಅವು ಬೇರೆ ಬೇರೆ ಅಂಗಗಳು. ಬೊಕ್ಕಸ ತುಂಬುವವನೂ ಬಾಗಿಲ ಸಂದಿಯಲ್ಲಿ ಇಣುಕುವವನೂ ಒಬ್ಬನೇ ಆಗುವ ಏರ್ಪಾಡನ್ನು ಆ ವಿಷಯಕ್ರಮದಲ್ಲಿ ಕಾಣಲಾಗದು. ಗ್ರಂಥದ ರಚನೆಯಿಂದ ಇಷ್ಟು ಅರ್ಥ ತೆಗೆಯುವುದು ಸ್ವಲ್ಪ ಹೆಚ್ಚಾಯಿತೆಂದು ಪಂಡಿತರು ಹೇಳಿಯಾರು, ಹೇಳಲಿ.

ಬ್ರಿಟಿಷರ ಕಾಲದ ಕಾನೂನಿನಲ್ಲಿಯೂ ಈ ಪ್ರತ್ಯೇಕತೆ ಇದ್ದಿತು. 1922ರ ಆದಾಯ ತೆರಿಗೆ ಕಾಯ್ದೆಯ 54ನೆಯ ಕಲಮು, ತೆರಿಗೆದಾರನು ಕೊಟ್ಟ ಲೆಕ್ಕಪತ್ರಗಳನ್ನು ಗೋಪ್ಯವೆಂದು ಸಾರಿ, ಅವನ್ನು ಹೊರಗೆಡಹಿದ ಸರಕಾರಿ ನೌಕರನಿಗೆ ಶಿಕ್ಷೆಯನ್ನು ವಿಧಿಸಿತ್ತು. 1961ರ ಕಾಯ್ದೆಯ 137ನೆಯ ಕಲಮಾಗಿ ಅದೇ ಮುಂದುವರಿಯಿತು. 1964ರ ವಿತ್ತ ಕಾಯ್ದೆಯು ಅದನ್ನು ತೆಗೆದುಹಾಕಿತು. ಅಂದಿನಿಂದ ಒಂದು ಇಲಾಖೆಯ ಲೆಕ್ಕ ಇನ್ನೊಂದಕ್ಕೆ ಹೋಗುವ ದಾರಿ ಅಗಲವಾಗುತ್ತಲೇ ಬಂದಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು — ಇದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರುತ್ತಿವೆ — ಈ ದಾರಿಗೆ ಬಾಗಿಲು ಹಚ್ಚೀತೆಂಬ ನಿರೀಕ್ಷೆಯಿತ್ತು. ಖಾಸಗಿ ಸಂಸ್ಥೆಗಳಿಗೆ ಅದು ಕೆಲಮಟ್ಟಿಗೆ ಬಾಗಿಲು ಹಚ್ಚಿದೆ. ಆದರೆ ಯಾವುದೇ ಅಪರಾಧವನ್ನೋ ಕಾನೂನಿನ ಉಲ್ಲಂಘನೆಯನ್ನೋ ತಡೆಯಲು, ಪತ್ತೆ ಮಾಡಲು ಮಾಹಿತಿಯನ್ನು ಬಳಸುವುದಾದರೆ ಅದರ 17ನೆಯ ಕಲಮು ಹೆಚ್ಚಿನ ಕಟ್ಟುಪಾಡುಗಳಿಂದ ವಿನಾಯಿತಿ ಕೊಡುತ್ತದೆ. ತೆರಿಗೆ ಕಟ್ಟದಿರುವುದೂ ಕಾನೂನಿನ ಉಲ್ಲಂಘನೆಯೇ ಆದುದರಿಂದ ತೆರಿಗೆಯ ಕಚೇರಿ ಆ ಕಿಟಕಿಯಿಂದ ನುಸುಳಬಹುದು. ಕಾಯ್ದೆಯ ದೊಡ್ಡ ದೌರ್ಬಲ್ಯ ಇಲ್ಲಿದೆ. ಕೊಲೆಗಾರನನ್ನು ಹುಡುಕುವುದಕ್ಕೂ ಮುನ್ನೂರು ರೂಪಾಯಿ ಮನೆಗಂದಾಯದ ಬಾಕಿದಾರನನ್ನು ಹುಡುಕುವುದಕ್ಕೂ ಒಂದೇ ಅಳತೆ ಇಟ್ಟರೆ, ಪ್ರಮಾಣಕ್ಕೆ ತಕ್ಕಷ್ಟು ಎಂಬ 2017ರ ತೀರ್ಪಿನ ಮಾತು ಎಲ್ಲಿ ಉಳಿಯಿತು?

ಬಾಕಿದಾರರ ಹೆಸರನ್ನು ಬಯಲಿಗೆಳೆಯುವ ಪದ್ಧತಿಯ ಬಗ್ಗೆ ಒಂದೇ ಮಾತು ಸಾಕು. 2010ರ ದಶಕದಲ್ಲಿ ಬೆಂಗಳೂರಿನ ಪಾಲಿಕೆಯವರು ದೊಡ್ಡ ಬಾಕಿದಾರರ ಕಟ್ಟಡಗಳ ಮುಂದೆ ತಮಟೆ ಬಾರಿಸಿದರು. ದೊಡ್ಡ ಮಾಲಿಗೆ ತಮಟೆಯಿಂದ ಹೆಚ್ಚಿನ ನಷ್ಟವಾಗಲಿಲ್ಲ. ಮುಡಬಿಯಂಥ ಊರಿನ ಪಂಚಾಯಿತಿ ಫಲಕದ ಮೇಲೆ ಒಬ್ಬ ವಿಧವೆಯ ಹೆಸರು ಬಾಕಿಯೊಡನೆ ಬಂದರೆ ಅದು ಅವಳ ಮಕ್ಕಳ ಸಂಬಂಧ ಕುದುರಿಸುವವರೆಗೆ ಬಾಧಿಸುತ್ತದೆ.

ದಾಖಲೆಗಳ ವಿಷಯದಲ್ಲಿ ಸರಕಾರವನ್ನು ಟೀಕಿಸುವಾಗ ನಮ್ಮ ದೇವಾಲಯ ವಿಶ್ವಸ್ತ ಮಂಡಳಿಗಳ ಕಪಾಟನ್ನೂ ತೆರೆದು ನೋಡುವುದು ಯುಕ್ತ. ಬಸದಿಯ ಕಟ್ಟಡಕ್ಕೆ, ಅದು ಪೂಜೆಗೇ ಮೀಸಲಾಗಿರುವವರೆಗೆ, ತೆರಿಗೆಯ ವಿನಾಯಿತಿಯುಂಟು. ಬಾಡಿಗೆಗೆ ಕೊಟ್ಟ ಮಳಿಗೆಗಳಿಗೆ ಆ ವಿನಾಯಿತಿ ಸಲ್ಲದು, ಅದನ್ನು ಬೇಡುವುದೂ ತಪ್ಪು. ಆ ಮಳಿಗೆಗಳ ಬಾಡಿಗೆದಾರರ ಆಧಾರ್ ನಕಲುಗಳು, ಯಾತ್ರಿನಿವಾಸದಲ್ಲಿ ತಂಗಿದವರ ಗುರುತಿನ ಚೀಟಿಗಳು, ದಾನಿಗಳ ಪ್ಯಾನ್ ಸಂಖ್ಯೆಗಳು ಎಲ್ಲಿವೆ? 2021-22ರ ಸಾಲಿನಿಂದ ದಾನಿಗಳ ವಿವರವನ್ನು ನಮೂನೆ 10ಬಿಡಿಯಲ್ಲಿ ಸಲ್ಲಿಸುವ ಹೊಣೆ ಬಂದ ಮೇಲೆ ಅನೇಕ ಮಂಡಳಿಗಳು ಈ ಕಾಗದಗಳನ್ನು ರಾಶಿ ಹಾಕಿಕೊಂಡಿವೆ. ಸಲ್ಲಿಸಿದ ಬಳಿಕ ಅವು ಲೆಕ್ಕಿಗನ ಮೇಜಿನ ಕೆಳಗೋ, ಯಾರದೋ ಮೊಬೈಲಿನ ಚಿತ್ರಗಳಲ್ಲೋ ಉಳಿದಿರುತ್ತವೆ. ಅಡತಿ ಅಂಗಡಿಯಲ್ಲಿ ಒಬ್ಬ ರೈತನ ಖಾತೆಯ ಪುಟವನ್ನು ಇನ್ನೊಬ್ಬನ ಮುಂದೆ ತೆರೆದಿಟ್ಟರೆ ಆ ಅಂಗಡಿಗೆ ಮುಂದಿನ ಸುಗ್ಗಿಗೆ ತೊಗರಿ ಬರುವುದಿಲ್ಲ. ಅಂಗಡಿಯಲ್ಲಿ ಪಾಲಿಸುವ ಶಿಸ್ತನ್ನು ಅದೇ ಜನ ಮಂಡಳಿಯ ಕೋಣೆಯಲ್ಲಿ ಮರೆಯುತ್ತಾರೆ.

ಗುಪ್ತದಾನಕ್ಕೆ ನಮ್ಮಲ್ಲಿ ಇರುವ ಗೌರವ ಎಲ್ಲರಿಗೂ ತಿಳಿದದ್ದು. 2006ರಲ್ಲಿ ಅನಾಮಧೇಯ ದೇಣಿಗೆಗಳ ಮೇಲೆ ಆದಾಯ ತೆರಿಗೆ ವಿಧಿಸಲು 115ಬಿಬಿಸಿ ಕಲಮನ್ನು ತಂದಾಗ ಸಂಸತ್ತು ಕೂಡ, ಸಂಪೂರ್ಣವಾಗಿ ಧಾರ್ಮಿಕ ಉದ್ದೇಶದ ಸಂಸ್ಥೆಗಳನ್ನು ಅದರಿಂದ ಹೊರಗಿಟ್ಟಿತು. ಹುಂಡಿಯಲ್ಲಿ ಹಾಕುವ ಕೈಯ ಹೆಸರನ್ನು ಕೇಳಬಾರದೆಂಬ ವಿವೇಕ ಕಾನೂನಿಗೂ ಇತ್ತು. ಹಾಗಿದ್ದೂ ಕೆಲವೆಡೆ ದಾನಿಯ ಹೆಸರು, ಮೊತ್ತ, ಊರು, ಮೊಬೈಲ್ ಸಂಖ್ಯೆಗಳನ್ನು ದೊಡ್ಡ ಫಲಕದಲ್ಲಿ ಬರೆಸಿ ಬಾಗಿಲಲ್ಲಿ ತೂಗುಹಾಕುತ್ತಾರೆ. ಕೆಲವರು ಅದನ್ನು ಬಯಸಿಯೇ ಕೊಡುತ್ತಾರೆಂಬುದು ಬೇರೆ ಮಾತು.

ಇನ್ನು ಮುಂದೆ ಮಂಡಳಿಗಳಿಗೆ ಪಂಚಾಯಿತಿಯಿಂದಲೋ ಪೌರಸಂಸ್ಥೆಯಿಂದಲೋ ಬಾಡಿಗೆದಾರರ ಪಟ್ಟಿಯನ್ನು ಕೇಳಿ ಪತ್ರ ಬರುವುದು ಹೆಚ್ಚಾದೀತು. ಅಂಥ ಪತ್ರವನ್ನು ಕಸದ ಬುಟ್ಟಿಗೆ ಹಾಕುವುದೂ ಸಲ್ಲದು, ಹೆದರಿ ಇಡೀ ಕಡತವನ್ನು ಒಪ್ಪಿಸುವುದೂ ಸಲ್ಲದು. ಯಾವ ಕಾಯ್ದೆಯ ಯಾವ ಕಲಮಿನ ಕೆಳಗೆ ಕೇಳಲಾಗಿದೆ, ಯಾವ ಕಟ್ಟಡಕ್ಕೆ, ಯಾವ ವರ್ಷಕ್ಕೆ ಎಂಬುದನ್ನು ಬರಹದಲ್ಲಿ ಕೇಳಿ ಪಡೆಯಬೇಕು. ಮಳಿಗೆಯ ಅಳತೆ, ಬಳಕೆ, ಬಾಡಿಗೆಯ ಮೊತ್ತ — ತೆರಿಗೆಯ ಲೆಕ್ಕಕ್ಕೆ ಬೇಕಾದ ಇಷ್ಟನ್ನು ಒಂದು ಪೈಸೆಯೂ ಮುಚ್ಚಿಡದೆ ಕೊಡಬೇಕು. ಬಾಡಿಗೆದಾರನ ಆಧಾರ್ ನಕಲು, ಅವನ ಮನೆಮಂದಿಯ ವಿವರ, ಬ್ಯಾಂಕಿನ ಚೀಟಿ ಆ ಲೆಕ್ಕಕ್ಕೆ ಬೇಕಿಲ್ಲವಾದರೆ ಅವನ್ನು ಜೊತೆಗೆ ಲಗತ್ತಿಸಬಾರದು. ಕೊಟ್ಟದ್ದೇನೆಂಬುದನ್ನು ಠರಾವು ಪುಸ್ತಕದಲ್ಲಿ ಬರೆದು, ಉತ್ತರದ ಒಂದು ಪ್ರತಿಯನ್ನು, ಅದನ್ನು ಕಚೇರಿಗೆ ಕಳುಹಿಸುವ ಮೊದಲೇ, ಆ ಮಳಿಗೆಯ ಬಾಡಿಗೆದಾರನ ಕೈಗೆ ಕೊಡಬೇಕು.